ಆ ಮುದಿ ಡ್ರ್ಯಾಗನನ್ನು ಕ್ಷಮಿಸುವವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಇಶಾ ನಮಾಝ್ ಮುಗಿದು, ಊಟವಾಗಿ, ಹಿರಿಯರೆಲ್ಲ ಹಾಸಿಗೆ ಸೇರಿದ ಮೇಲೂ ಪಿಯುಸಿ ಓದುವ ಅಕ್ಕನ ಮಗ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಬೈಯೋಣವೆಂದು ಹತ್ತಿರ ಹೋದೆ. ಪರದೆಯ ಮೇಲೆ ಹಿಮ ಮುಚ್ಚಿದ ಶಿಖರ. ಅಲ್ಲೊಂದು ಕಲ್ಲುಗೋಡೆಯ ಮೇಲೆ ರೆಕ್ಕೆ ಹರಿದ, ಕೊಂಬು ಮುರಿದ ಮುದಿ ಡ್ರ್ಯಾಗನ್ ಕುಳಿತಿತ್ತು. ಹುಡುಗ ಕತ್ತಿ ಹಿರಿದು ನಿಂತಿದ್ದ, ಬೀಸಿರಲಿಲ್ಲ.

“ಮಾಮು, ಇವನನ್ನು ಕೊಲ್ಲಲಾ, ಬಿಡಲಾ?” ಎಂದ.

“ಏನು ಮಾಡಿದ್ದಾನೆ?”

“ಈಗ ಏನೂ ಮಾಡಿಲ್ಲ. ಹಿಂದೆ ಮಾಡಿದ್ದಾನಂತೆ.”

ಬೈಯಲು ಹೋದವನು ಕುರ್ಚಿ ಎಳೆದುಕೊಂಡು ಕುಳಿತೆ. ಆಮೇಲೆ ಊರಿಗೆ ಮರಳಿ, ನಲವತ್ತು ದಾಟಿದ ಬೆರಳುಗಳಿಗೆ ಎಷ್ಟು ಸಾಧ್ಯವೋ ಅಷ್ಟು ಕಲಿಸಿ, ಆ ಆಟವನ್ನು ನಾನೇ ಕೊನೆಯವರೆಗೆ ಆಡಿದೆ. ವಿಡಿಯೋ ಗೇಮಿಗೂ ವಿಮರ್ಶೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಉರ್ದು ಶಾಲೆಯಲ್ಲಿ ಓದಿದ ನನ್ನಂಥವರು ಅಮೀರ್ ಹಂಝಾನ ದಾಸ್ತಾನಿನ ದೇವ್‌ಗಳು, ಜಾದೂಗಾರರ ಜೊತೆಯಲ್ಲೇ ಬೆಳೆದವರು. ಅಲ್ಲಿ ಹಂಝಾನೆದುರು ಸೋತ ಲಂಧೌರ್ ಆಮೇಲೆ ಅವನ ಆಪ್ತ ಗೆಳೆಯನಾಗುತ್ತಾನೆ. ವೈರಿ ಈ ಕಡೆ ಬಂದನೆಂದರೆ ಅಲ್ಲಿಗೆ ಲೆಕ್ಕ ಚುಕ್ತಾ. ಈ ಆಟದಲ್ಲಿ ಲೆಕ್ಕ ಅಷ್ಟು ಬೇಗ ಚುಕ್ತಾ ಆಗುವುದಿಲ್ಲ ಎಂಬುದೇ ನನ್ನನ್ನು ಹಿಡಿದು ಕೂರಿಸಿದ್ದು.

ಆಟದ ಹೆಸರು ಸ್ಕೈರಿಮ್. ಅಮೆರಿಕದ ಬೆಥೆಸ್ಡಾ ಸಂಸ್ಥೆಯ ‘ದಿ ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಐದನೆಯ ಆಟ, 2011ರ ನವೆಂಬರಿನಲ್ಲಿ ಬಂದದ್ದು. ಕತೆ ಹೀಗಿದೆ. ಬಹಳ ಹಿಂದೆ ಡ್ರ್ಯಾಗನ್‌ಗಳು ಮನುಷ್ಯರನ್ನು ಆಳುತ್ತಿದ್ದವು. ಅವುಗಳ ಒಡೆಯ ಆಲ್ಡುಯಿನ್, ಅವನ ಬಲಗೈ ಪಾರ್ಥುರ್ನಾಕ್ಸ್. ಮನುಷ್ಯರು ದಂಗೆ ಎದ್ದಾಗ ಕೈನ್ ಎಂಬ ದೇವತೆಯ ಪ್ರೇರಣೆಯಿಂದ ಪಾರ್ಥುರ್ನಾಕ್ಸ್ ತನ್ನವರ ಪಾಳಯ ಬಿಟ್ಟು ಬಂದು, ಡ್ರ್ಯಾಗನ್‌ಗಳ ಆಯುಧವಾದ ‘ಕೂಗಿನ ವಿದ್ಯೆ’ಯನ್ನು ಮನುಷ್ಯರಿಗೆ ಕಲಿಸಿಕೊಟ್ಟ. ಅದರ ಬಲದಿಂದಲೇ ಮನುಷ್ಯರು ಗೆದ್ದರು. ಅಲ್ಲಿಂದೀಚೆಗೆ ಅವನು ದೇಶದ ಅತಿ ಎತ್ತರದ ಶಿಖರದಲ್ಲಿ ಧ್ಯಾನ ಮಾಡುತ್ತ ಕುಳಿತಿದ್ದಾನೆ. 7,000 ಮೆಟ್ಟಿಲು ಹತ್ತಿದರೆ ಸಿಗುವ ಮಠದ ಗ್ರೇಬಿಯರ್ಡ್ಸ್ ಎಂಬ ಮೌನವ್ರತಿಗಳಿಗೆ ಅವನೇ ಗುರು. ಆಲ್ಡುಯಿನ್ ಮರಳಿ ಬಂದಾಗ ಅವನನ್ನು ಸೋಲಿಸುವ ದಾರಿಯನ್ನು ನಾಯಕನಿಗೆ, ಅಂದರೆ ಆಟಗಾರನಿಗೆ, ತೋರಿಸುವವನೂ ಇವನೇ.

ಇಷ್ಟೆಲ್ಲ ಉಪಕಾರ ಪಡೆದ ಮೇಲೆ ಬ್ಲೇಡ್ಸ್ ಎಂಬ ಹಳೆಯ ಡ್ರ್ಯಾಗನ್ ಬೇಟೆಗಾರರ ಪಂಗಡದಲ್ಲಿ ಅಳಿದುಳಿದ ಇಬ್ಬರು, ಡೆಲ್ಫೀನ್ ಎಂಬ ಹೆಂಗಸು ಮತ್ತು ಎಸ್ಬರ್ನ್ ಎಂಬ ಮುದುಕ, ನಾಯಕನನ್ನು ಕರೆದು ಆ ಡ್ರ್ಯಾಗನನ್ನು ಕೊಂದು ಬಾ ಎನ್ನುತ್ತಾರೆ. ಕೊಲ್ಲುವವರೆಗೆ ನಮ್ಮ ಸಹಾಯ ಸಿಗದು ಎನ್ನುತ್ತಾರೆ. ಕೊಂದರೆ ಮಠದವರು ಮುಖ ತಿರುಗಿಸುತ್ತಾರೆ. ಕೊಲ್ಲೆಂದ ಇಬ್ಬರಲ್ಲಿ ಯಾರೂ ಆ ಬೆಟ್ಟ ಹತ್ತುವುದಿಲ್ಲ. ಕತ್ತಿ ನಾಯಕನದು, ಪಾಪವೂ ನಾಯಕನದೇ.

ಬ್ಲೇಡ್ಸ್‌ನವರ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸಿ ನೋಡಬೇಕು. ಒಂದು, ಅವನು ಅಪರಾಧ ಮಾಡಿದ್ದಾನೆ. ಇನ್ನೊಂದು, ಅವನು ಡ್ರ್ಯಾಗನ್.

ಎರಡನೆಯದನ್ನು ಮೊದಲು ನೋಡೋಣ. ಡ್ರ್ಯಾಗನ್ ಎಂದರೆ ಡ್ರ್ಯಾಗನೇ, ಇಂದಲ್ಲ ನಾಳೆ ಜಾತಿಬುದ್ಧಿ ತೋರಿಸುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಪಂಗಡ ನಿಂತಿದೆ. ಅವನ ಹೆಸರೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಆಟದ ಕಲ್ಪಿತ ಡ್ರ್ಯಾಗನ್ ಭಾಷೆಯಲ್ಲಿ ಪಾರ್-ಥುರ್-ನಾಕ್ಸ್ ಎಂಬ ಮೂರು ಪದಗಳಿಗೆ ಮಹತ್ವಾಕಾಂಕ್ಷೆ, ಒಡೆತನ, ಕ್ರೌರ್ಯ ಎಂದರ್ಥ. ಸಾವಿರಾರು ವರ್ಷ ಧ್ಯಾನ ಮಾಡಿದರೂ ಅವನು ಹೆಸರು ಬದಲಿಸಿಕೊಂಡಿಲ್ಲ. ಅಷ್ಟೇ ಅಲ್ಲ, ಬೇರೆಯವರನ್ನು ಆಳುವ ಹಂಬಲ ನಮ್ಮ ರಕ್ತದಲ್ಲೇ ಇದೆ, ಆ ಸೆಳೆತ ಕಾಡದ ಒಂದು ದಿನವೂ ಇಲ್ಲ, ನನ್ನನ್ನು ನಂಬದವರು ಜಾಣರೇ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಹುಟ್ಟಿನಿಂದ ಒಳ್ಳೆಯವನಾಗಿರುವುದು ಮೇಲೋ, ಕೆಟ್ಟ ಸ್ವಭಾವವನ್ನು ಶ್ರಮಪಟ್ಟು ಗೆಲ್ಲುವುದು ಮೇಲೋ ಎಂದು ಅವನು ಕೇಳುವಾಗ ಆಟಗಾರರಲ್ಲಿ ಹೆಚ್ಚಿನವರ ಕತ್ತಿ ಒರೆಗೆ ಮರಳುತ್ತದೆ. ನನ್ನದೂ ಮರಳಿತು.

ಆದರೆ ಇಲ್ಲೇ ನನಗೊಂದು ಕಸಿವಿಸಿಯಿದೆ. ಆಟ ಅವನ ಬಾಯಿಂದ ಈ ಸುಂದರ ಮಾತು ಹೇಳಿಸುತ್ತಲೇ ‘ಕೆಟ್ಟ ಜಾತಿ’ ಎಂಬುದೊಂದು ಇದೆಯೆಂದು ಗುಟ್ಟಾಗಿ ಒಪ್ಪಿಕೊಂಡುಬಿಡುತ್ತದೆ. ಉಳಿದ ಡ್ರ್ಯಾಗನ್‌ಗಳನ್ನು ಕೊಲ್ಲಬಹುದು, ಇವನೊಬ್ಬ ಒಳ್ಳೆಯವನು. “ನೀವು ಹಾಗಲ್ಲ ಬಿಡಿ ಸಾರ್, ನಿಮ್ಮವರ ವಿಷಯ ಹೇಳಿದ್ದು” ಎಂಬ ಮಾತನ್ನು ಬಸ್ಸಿನಲ್ಲಿ, ಕಚೇರಿಯಲ್ಲಿ ಕೇಳಿಸಿಕೊಂಡವರಿಗೆ ಈ ದಯೆಯ ರುಚಿ ಗೊತ್ತು. ಹೇಳಿದವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಕೇಳಿದವನು ನಗುತ್ತಲೇ ತನ್ನ ಸ್ಟಾಪಿನಲ್ಲಿ ಇಳಿದುಹೋಗುತ್ತಾನೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಕೊಲ್ಲಲು ಹೊರಟ ನಾಯಕನೂ ಡ್ರ್ಯಾಗನ್‌ಬಾರ್ನ್, ಡ್ರ್ಯಾಗನ್ ಆತ್ಮ ಹೊತ್ತು ಹುಟ್ಟಿದವನು. ಕೊಂದ ಪ್ರತಿ ಡ್ರ್ಯಾಗನ್ನಿನ ಆತ್ಮವನ್ನು ನುಂಗಿ ಬಲಿಯುವವನು. ರಕ್ತವೇ ಪುರಾವೆಯಾದರೆ ಮೊದಲು ಕಟಕಟೆ ಏರಬೇಕಾದವನು ಅವನೇ. ಮೊನ್ನೆ ಮೊನ್ನೆಯವರೆಗೆ ಆಲ್ಡುಯಿನ್‌ನ ಸೇವೆಯಲ್ಲಿದ್ದು, ಬಲೆಗೆ ಬಿದ್ದ ಮೇಲೆ ಪಕ್ಷ ಬದಲಿಸುವ ಓಡಾವೀಂಗ್ ಎಂಬ ಇನ್ನೊಂದು ಡ್ರ್ಯಾಗನ್ ಇದೆ. ಅದನ್ನು ಕೊಂದು ಬಾ ಎಂಬ ಶರತ್ತು ಆಟದಲ್ಲಿಲ್ಲ. ಅಂದರೆ ತತ್ತ್ವ ಎನ್ನುವುದೂ ಅನುಕೂಲ ನೋಡಿಕೊಂಡೇ ಜಾಗೃತವಾಗುತ್ತದೆ!

ಗಮನಿಸಿದಿರಾ, ನಾನು ಓಡಾವೀಂಗನ್ನು ‘ಅದು’ ಎಂದೆ, ಪಾರ್ಥುರ್ನಾಕ್ಸ್‌ನನ್ನು ‘ಅವನು’ ಎಂದೆ. ಮೊದಲ ದಿನ ನನಗೆ ಅವನೂ ‘ಅದು’ವೇ ಆಗಿದ್ದ. ಅಳಿಯನಿಗೆ ಆಗಲೇ ‘ಇವನು’ ಆಗಿದ್ದ. ಏಕೆಂದರೆ ಅಳಿಯ ಅವನ ಜೊತೆ ಮಾತಾಡಿದ್ದ. ಆಟದುದ್ದಕ್ಕೂ ಎಷ್ಟೋ ಡ್ರ್ಯಾಗನ್‌ಗಳನ್ನು ಕೊಂದು ಮೂಳೆ, ಚಿಪ್ಪು ಕಿತ್ತು ಮಾರಿದವರು ನಾವು, ಒಂದಕ್ಕೂ ಕೈ ನಡುಗಲಿಲ್ಲ. ಅವು ಬಾಯಿ ತೆರೆದಾಗ ಬಂದದ್ದು ಬೆಂಕಿ. ಆದರೆ ಈ ಕತೆಯಲ್ಲಿ ಡ್ರ್ಯಾಗನ್ನಿನ ಬೆಂಕಿಯೂ ಮಾತೇ. ಪದ ಉಚ್ಚರಿಸಿದರೆ ಬೆಂಕಿ ಹೊರಡುತ್ತದೆ. ಮೊದಲ ಭೇಟಿಯಲ್ಲಿ ಪಾರ್ಥುರ್ನಾಕ್ಸ್ ನಾಯಕನಿಗೆ ಬೆಂಕಿಯ ಪದವನ್ನು ಕಲಿಸಿ, ಅದರಿಂದಲೇ ತನಗೆ ವಂದಿಸು ಎನ್ನುತ್ತಾನೆ. ಅದು ಅವರ ಸಲಾಮ್. ಹಾಗಾದರೆ ನಾವು ಬಯಲಿನಲ್ಲಿ ಕೊಂದ ಆ ಉಳಿದವು ನಮಗೆ ಏನು ಹೇಳುತ್ತಿದ್ದವು? ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುತ್ತ ಬೆಳೆದ ನನಗೆ ಈ ಪ್ರಶ್ನೆ ಆಟ ಮುಗಿದ ಮೇಲೂ ಬಿಟ್ಟುಹೋಗಿಲ್ಲ. ನಮ್ಮ ಭಾಷೆ ಕಲಿತು ಬಂದವನಿಗೆ ಮಾತ್ರ ನಮ್ಮ ದಯೆ ದೊರೆಯಿತು.

ಈಗ ಮೊದಲನೆಯ ಎಳೆ, ಅಪರಾಧ. ಇಲ್ಲಿ ನಾನು ಬ್ಲೇಡ್ಸ್‌ನವರ ಕಡೆಗೆ ತುಸು ವಾಲುತ್ತೇನೆ. ಬದಲಾದನೆಂದ ಮಾತ್ರಕ್ಕೆ ಮಾಡಿದ್ದು ಆಗದೇ ಹೋಗುವುದಿಲ್ಲ. ಆಲ್ಡುಯಿನ್‌ನ ಬಲಗೈ ಎಂದರೆ ಸಾಮಾನ್ಯ ಹುದ್ದೆಯಲ್ಲ. ಅವನ ಕಾಲದ ಕ್ರೌರ್ಯಕ್ಕೆ ತುತ್ತಾದವರು ಎಲ್ಲಿ? ಆಟದಲ್ಲಿ ಅವರಿಲ್ಲ. ಮುದುಕನ ತಗ್ಗಿದ ದನಿಯನ್ನು ನಾವು ಗಂಟೆಗಟ್ಟಲೆ ಕೇಳುತ್ತೇವೆ (ಆ ದನಿ ಕೊಟ್ಟವರು ಚಾರ್ಲ್ಸ್ ಮಾರ್ಟಿನೆ, ಮಕ್ಕಳ ಅಚ್ಚುಮೆಚ್ಚಿನ ಮಾರಿಯೋಗೆ ದನಿಯಾಗಿದ್ದವರು). ಅವನಿಂದ ಮನೆ ಸುಟ್ಟುಹೋದ ಒಬ್ಬ ಹೆಂಗಸಿನ ದನಿಯನ್ನು ಒಮ್ಮೆಯೂ ಕೇಳುವುದಿಲ್ಲ. ಅವರೆಲ್ಲ ಸತ್ತು ಯುಗಗಳಾದವು ಎನ್ನಬಹುದು. ಆದರೆ ಇದೇ ಆಟ ನಾಯಕನನ್ನು ಸೋವನ್‌ಗಾರ್ಡ್ ಎಂಬ ವೀರಸ್ವರ್ಗಕ್ಕೇ ಕರೆದೊಯ್ಯುತ್ತದೆ. ಆ ಪ್ರಾಚೀನ ಯುದ್ಧದಲ್ಲಿ ಆಲ್ಡುಯಿನ್‌ನ ವಿರುದ್ಧ ಹೋರಾಡಿದ ಮೂವರು, ಗಾರ್ಮ್‌ಲೇತ್, ಹಾಕನ್, ಫೆಲ್ಡಿರ್, ಅಲ್ಲಿ ಸಿಗುತ್ತಾರೆ, ಮಾತಾಡುತ್ತಾರೆ. ಪಾರ್ಥುರ್ನಾಕ್ಸ್‌ನ ದಬ್ಬಾಳಿಕೆಯನ್ನೂ ಪರಿವರ್ತನೆಯನ್ನೂ ಕಂಡ ಕಾಲದವರು ಅವರು. ‘ಅವನನ್ನು ಏನು ಮಾಡಲಿ?’ ಎಂದು ಕೇಳಲು ಅವರಿಗಿಂತ ಹತ್ತಿರದವರು ಬೇರಾರೂ ಇರಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಅವಕಾಶವನ್ನೇ ಆಟ ಕೊಡುವುದಿಲ್ಲ. ಕತೆಗಾರನಾಗಿ ಹೇಳುವುದಾದರೆ, ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ಅವಕಾಶ ಕೈತಪ್ಪಿಲ್ಲ.

ಪರಿವರ್ತನೆಯ ಹಳೆಯ ಕತೆಗಳು ಈ ತಪ್ಪು ಮಾಡಿಲ್ಲ. ಅಂಗುಲಿಮಾಲನ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ, ಆದರೆ ಅವನು ಭಿಕ್ಷುವಾಗುವಲ್ಲಿಗೆ ಪಾಠ ಮುಗಿಯುತ್ತಿತ್ತು. ಪಾಲಿ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಭಿಕ್ಷೆಗೆ ಹೋದವನಿಗೆ ಕಲ್ಲು, ಹೆಂಟೆ, ಕೋಲಿನ ಏಟು ಬೀಳುತ್ತವೆ. ತಲೆ ಒಡೆದು, ಪಾತ್ರೆ ಒಡೆದು, ಬಟ್ಟೆ ಹರಿದು ಬಂದವನಿಗೆ ಬುದ್ಧ ಹೇಳುವುದು ಸಹಿಸಿಕೋ ಎಂದೇ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ವಹ್‌ಶಿಯ ಪ್ರಸಂಗ. ದಾಸ್ತಾನಿನ ಹಂಝಾ ಅಲ್ಲ, ಇತಿಹಾಸದ ಹಂಝಾ(ರ), ಪ್ರವಾದಿವರ್ಯರ(ಸ) ಚಿಕ್ಕಪ್ಪ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಅವರನ್ನು ಈಟಿ ಎಸೆದು ಕೊಂದವನು ಗುಲಾಮನಾಗಿದ್ದ ವಹ್‌ಶಿ. ಬಿಡುಗಡೆಯ ಆಸೆ ತೋರಿಸಿ ಅವನಿಂದ ಆ ಕೆಲಸ ಮಾಡಿಸಿದ್ದರು. ವರ್ಷಗಳ ನಂತರ ಅವನು ಮದೀನಕ್ಕೆ ಬಂದು ಇಸ್ಲಾಮ್ ಸ್ವೀಕರಿಸಿದಾಗ ಪ್ರವಾದಿವರ್ಯರು ಅದನ್ನು ಒಪ್ಪಿಕೊಂಡರು. ಜೀವಕ್ಕೆ ಅಭಯವಿತ್ತು. ಆದರೆ ನಿನ್ನ ಮುಖವನ್ನು ನನ್ನ ಕಣ್ಣಿಂದ ದೂರವಿಡಲು ಸಾಧ್ಯವೇ ಎಂದು ಕೇಳಿದರು. ಹದೀಸ್ ಗ್ರಂಥಗಳು ಈ ಮಾತನ್ನು ಮುಚ್ಚಿಡದೆ ದಾಖಲಿಸಿವೆ. ಮುಂದೆ ಯಮಾಮ ಯುದ್ಧದಲ್ಲಿ, ಪ್ರವಾದಿತ್ವದ ಸುಳ್ಳು ಹಕ್ಕು ಸಾಧಿಸಿದ್ದ ಮುಸೈಲಿಮನ ಮೇಲೆ ಅವನು ಎಸೆದದ್ದೂ ಅದೇ ಈಟಿ. ಕೊಲ್ಲು, ಬಿಡು ಎಂಬ ಎರಡರ ನಡುವೆ ಎಷ್ಟೊಂದು ಜಾಗವಿದೆ ನೋಡಿ. ತೌಬಾ ಸ್ವೀಕೃತವಾಯಿತು, ಕೊಂದವನು ಬದುಕಿದ, ಕಳೆದುಕೊಂಡವರ ಎದೆಯ ನೋವಿಗೂ ಜಾಗ ಉಳಿಯಿತು.

ಆಟಗಳಲ್ಲಿ ಇಂಥದ್ದು ಸಾಧ್ಯವಿಲ್ಲ ಎನ್ನುವಂತಿಲ್ಲ. 2009ರಲ್ಲಿ ಕೆನಡಾದ ಬಯೋವೇರ್ ತಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಲೋಗನ್ ಎಂಬ ಸೇನಾಪತಿ ಯುದ್ಧಭೂಮಿಯಲ್ಲಿ ತನ್ನ ದೊರೆಯನ್ನೂ ಗ್ರೇ ವಾರ್ಡನ್ ಯೋಧರನ್ನೂ ಸಾಯಲು ಬಿಟ್ಟು ಹಿಂದೆ ಸರಿಯುತ್ತಾನೆ. ಕೊನೆಗೆ ಅವನು ಸೋತು ಕೈಗೆ ಸಿಕ್ಕಾಗ ಕೊಲ್ಲಬಹುದು, ಇಲ್ಲವೇ ಅದೇ ವಾರ್ಡನ್ ಪಡೆಗೆ ಸೇರಿಸಿಕೊಳ್ಳಬಹುದು. ಆದರೆ ಆ ಸಭೆಯಲ್ಲಿ ಅಲಿಸ್ಟರ್ ನಿಂತಿರುತ್ತಾನೆ. ಆಟದ ಮೊದಲಿನಿಂದ ನಮ್ಮ ಜೊತೆ ನಡೆದವನು, ಲೋಗನ್‌ನಿಂದಾಗಿ ಗುರುವನ್ನು ಕಳೆದುಕೊಂಡವನು. ಲೋಗನ್‌ನನ್ನು ಉಳಿಸಿದರೆ ಅಲಿಸ್ಟರ್ ನಮ್ಮ ಗೆಳೆತನವನ್ನು ಕಡಿದುಕೊಳ್ಳುತ್ತಾನೆ. ಲೋಗನ್ ಮುಂದೆ ಪ್ರಾಣ ಕೊಟ್ಟು ದೇಶ ಉಳಿಸಬಹುದು. ಆದರೂ ನಮ್ಮ ದಯೆಯ ಬೆಲೆಯನ್ನು ತೆತ್ತವನು ಬೇರೊಬ್ಬ ಎಂಬುದು ಮರೆಯುವುದಿಲ್ಲ. ಸ್ಕೈರಿಮ್‌ನಲ್ಲಿ ನಾವು ತೆರುವ ಬೆಲೆಯೆಂದರೆ ಬ್ಲೇಡ್ಸ್‌ನವರು ಮಾತು ಬಿಡುತ್ತಾರೆ. ನಿಜ ಹೇಳಬೇಕೆಂದರೆ ಡೆಲ್ಫೀನಳ ಜೋರು ಸಾಕಾಗಿದ್ದ ನನಗೆ ಅದು ಲಾಭದಂತೆಯೇ ಕಂಡಿತು!

ಅವಳ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನಲು ಆಟದಲ್ಲಿ ದಾರಿಯಿಲ್ಲ. ಒಪ್ಪಿಸುವ ದಾರಿಯೂ ಇಲ್ಲ. ಬ್ಲೇಡ್ಸ್‌ನವರು ಡ್ರ್ಯಾಗನ್‌ಬಾರ್ನ್‌ನ ಸೇವೆಗೆ ಬದ್ಧರಂತೆ, ಆದರೂ ಆಜ್ಞೆ ಮಾಡುವವರು ಅವರೇ. ಆಟಗಾರರಿಗೆ ಇದು ಎಷ್ಟು ಸಹಿಸಲಾಗಲಿಲ್ಲವೆಂದರೆ, ಅವರಲ್ಲೊಬ್ಬರು ಆಟಕ್ಕೆ ತಾವೇ ಒಂದು ತೇಪೆ ಹೊಲಿದು, ಬ್ಲೇಡ್ಸ್‌ನವರಿಗೆ ಎದುರು ಹೇಳಿ ಅವನನ್ನು ಉಳಿಸುವ ದಾರಿ ಮಾಡಿಕೊಟ್ಟರು. ಓದುಗರು ಕಾದಂಬರಿಗೆ ಅಧ್ಯಾಯ ಬರೆದು ಅಂಟಿಸಿದ ಹಾಗೆ. ನಮ್ಮ ಕತೆಗಳಿಗೆ ಯಾರಾದರೂ ಇಷ್ಟು ಸಿಟ್ಟಾಗುತ್ತಾರೆಯೇ ಎಂದು ಹೊಟ್ಟೆಕಿಚ್ಚಾಯಿತು. ಆದರೆ ಆ ತೇಪೆಯಲ್ಲಿಯೂ ನಡೆಯುವುದು ನಾಯಕನ ಮಾತೇ, ಸತ್ತವರದ್ದಲ್ಲ.

ಆಲ್ಡುಯಿನ್ ಸತ್ತ ಮೇಲೆ ಆಟದ ಬರಹಗಾರರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಶಿಖರದಲ್ಲಿ ಡ್ರ್ಯಾಗನ್‌ಗಳು ನೆರೆಯುತ್ತವೆ. ತನ್ನ ಅಣ್ಣನೂ ಆಗಿದ್ದ ಆಲ್ಡುಯಿನ್‌ನ ಸಾವಿಗೆ ಪಾರ್ಥುರ್ನಾಕ್ಸ್ ಕುಣಿದಾಡುವುದಿಲ್ಲ, ಅವನ ಮಾತಿನಲ್ಲಿ ಸೂತಕದ ಛಾಯೆಯಿದೆ. ಉಳಿದ ಡ್ರ್ಯಾಗನ್‌ಗಳಿಗೂ ತನ್ನ ಶಾಂತಿಯ ಮಾರ್ಗವನ್ನು ಕಲಿಸುತ್ತೇನೆಂದು ಹಾರಿಹೋಗುತ್ತಾನೆ. ಆಗ ಓಡಾವೀಂಗ್ ಅವನಿಗೆ ಶುಭ ಕೋರುತ್ತಲೇ ಒಂದು ಅನುಮಾನ ತೇಲಿಬಿಡುತ್ತದೆ. ಆಲ್ಡುಯಿನ್‌ನ ಒಡೆತನ ಹೋಗಿ ಈ ಮಾರ್ಗದ ದಬ್ಬಾಳಿಕೆ ಬರುವುದು ಎಷ್ಟು ಜನಕ್ಕೆ ಇಷ್ಟವಾದೀತು ಎಂಬ ಅರ್ಥದ ಮಾತು. ಮುದುಕ ತನ್ನ ಹೆಸರಿನ ಮೂರು ಪದಗಳಲ್ಲಿ ಕ್ರೌರ್ಯವನ್ನು ಬಿಟ್ಟಿರಬಹುದು. ಉಳಿದೆರಡನ್ನು ಬಿಟ್ಟಿದ್ದಾನೆಯೇ?

ನಾನು ಅವನನ್ನು ಕೊಲ್ಲಲಿಲ್ಲ. ಆದರೆ ಕ್ಷಮಿಸಿದೆ ಎಂದು ಹೇಳಲಾರೆ. ಅದು ನನ್ನ ಕೈಯಲ್ಲಿರಲಿಲ್ಲ. ಅಳಿಯನಿಗೆ ಫೋನ್ ಮಾಡಿ ನೀನೇನು ಮಾಡಿದೆಯೆಂದು ಕೇಳಿದೆ. “ಬಿಟ್ಟೆ ಮಾಮು. ಆದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ‘ಪಾರ್ಥುರ್ನಾಕ್ಸ್‌ನನ್ನು ಕೊಲ್ಲು’ ಅಂತ ಇನ್ನೂ ತೋರಿಸ್ತಾನೇ ಇದೆ. ಏನು ಮಾಡಿದರೂ ಅಳಿಸೋಕಾಗಲ್ಲ” ಎಂದ. ನನ್ನ ಪಟ್ಟಿಯಲ್ಲೂ ಅದು ಹಾಗೆಯೇ ಇದೆ.