ಕೋಡ್ ತಿದ್ದುವ ಮೊದಲು ಕರೆಂಟ್ ನೋಡಿ

ಇಎಸ್‌ಪಿ8266 ಮತ್ತು ಇಎಸ್‌ಪಿ32 ಚಿಪ್‌ಗಳು ಬಂದ ಮೇಲೆ ವೈಫೈ ಪ್ರಾಜೆಕ್ಟ್ ಮಾಡುವುದು ಕಾಲೇಜು ಹುಡುಗರ ಕೈಗೂ ಎಟುಕಿತು. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದವರು ಸೆನ್ಸರ್, ರಿಲೇ, ಡಿಸ್‌ಪ್ಲೇಗಳನ್ನು ಆರಿಸಿ ಆರಿಸಿ ಕೊಳ್ಳುತ್ತಾರೆ. ಪವರ್ ಸಪ್ಲೈ ವಿಷಯ ಬಂದಾಗ ಮಾತ್ರ ಮನೆಯಲ್ಲಿ ಬಿದ್ದಿರುವ ಯಾವುದೋ ಹಳೆಯ ಅಡಾಪ್ಟರ್ ಸಾಕು ಎನ್ನುತ್ತಾರೆ. ಈ ರೂಢಿಯ ಬಗ್ಗೆಯೇ ನನ್ನ ತಕರಾರು.

ವೈಫೈ ಚಿಪ್ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. ಸಿಗ್ನಲ್ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32ರ ಬೇಡಿಕೆ ಥಟ್ಟನೆ 240 ಮಿಲಿಆಂಪ್ ಆಸುಪಾಸಿಗೆ ಏರುತ್ತದೆ. ತಯಾರಕರಾದ ಎಸ್ಪ್ರೆಸಿಫ್ ಕನಿಷ್ಠ 500 ಮಿಲಿಆಂಪ್ ಕೊಡಬಲ್ಲ ಸಪ್ಲೈ ಬೇಕೆನ್ನುವುದು ಅದಕ್ಕಾಗಿಯೇ. ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದರೆ ಬೋರ್ಡ್ ರೀಸೆಟ್ ಆಗುತ್ತದೆ. ಕುಸಿತ ಎಷ್ಟು ಕ್ಷಣಿಕವೆಂದರೆ ಮಲ್ಟಿಮೀಟರ್ ಆರಾಮಾಗಿ 3.3 ವೋಲ್ಟ್ ಎಂದೇ ತೋರಿಸುತ್ತಿರುತ್ತದೆ. ಸೀರಿಯಲ್ ಮಾನಿಟರ್‌ನಲ್ಲಿ ‘ಬ್ರೌನ್‌ಔಟ್’ ಎಂಬ ಸಂದೇಶ ಕಂಡರೂ ಲೈಬ್ರರಿ ಬದಲಿಸುತ್ತಾ ರಾತ್ರಿಯೆಲ್ಲ ಕೂರುವವರಿದ್ದಾರೆ. ಆರ್ಡುಯಿನೊ ಊನೊ ಬೋರ್ಡಿನ 3.3 ವೋಲ್ಟ್ ಪಿನ್ನಿನಿಂದ ಇಎಸ್‌ಪಿಗೆ ಕರೆಂಟ್ ಕೊಡುವವರ ಪಾಡೂ ಇದೇ. ಆ ಪಿನ್ನಿಗೆ ನಿಗದಿಯಾದದ್ದು 50 ಮಿಲಿಆಂಪ್ ಮಾತ್ರ.

12 ವೋಲ್ಟ್ ಅಡಾಪ್ಟರಿಗೆ 7805 ರೆಗ್ಯುಲೇಟರ್ ಹಾಕುವ ಹಳೆಯ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. 250 ಮಿಲಿಆಂಪ್ ಎಳೆದರೆ ಬೋರ್ಡಿಗೆ ಸಿಗುವುದು 1.25 ವ್ಯಾಟ್, ಬರೀ ಬಿಸಿಯಾಗಿ ಹೋಗುವುದು 1.75 ವ್ಯಾಟ್. ಆಯತಾಕಾರದ 9 ವೋಲ್ಟ್ ಬ್ಯಾಟರಿ ಈ ಕೆಲಸಕ್ಕೆ ಲಾಯಕ್ಕೇ ಅಲ್ಲ.

ಬ್ಯಾಟರಿ ಪ್ರಾಜೆಕ್ಟ್‌ಗಳಲ್ಲಿ ನಿಜವಾದ ಕಳ್ಳ ಎಎಂಎಸ್1117 ರೆಗ್ಯುಲೇಟರ್. ಅನೇಕ ಅಗ್ಗದ ಬೋರ್ಡುಗಳಲ್ಲಿ ಇರುವುದು ಇದೇ. 3.3 ವೋಲ್ಟ್ ಕೊಡಲು ಇದಕ್ಕೆ ಸುಮಾರು 4.4 ವೋಲ್ಟ್ ಬೇಕು. ಲಿಥಿಯಂ ಅಯಾನ್ ಸೆಲ್ ಪೂರ್ತಿ ಚಾರ್ಜ್ ಆದಾಗಲೂ 4.2 ದಾಟುವುದಿಲ್ಲ. ಜೊತೆಗೆ ಈ ರೆಗ್ಯುಲೇಟರಿನ ಸ್ವಂತ ಖರ್ಚೇ ಸುಮಾರು 5 ಮಿಲಿಆಂಪ್. ಡೀಪ್ ಸ್ಲೀಪ್‌ನಲ್ಲಿ ಚಿಪ್ 10 ಮೈಕ್ರೊಆಂಪ್‌ಗೆ ಇಳಿದು ಮಲಗಿದರೂ ಈ ರೆಗ್ಯುಲೇಟರ್ ಒಂದೇ 2000 ಎಂಎಎಚ್ ಸೆಲ್ಲನ್ನು ಹದಿನೇಳು ದಿನದೊಳಗೆ ಬರಿದು ಮಾಡುತ್ತದೆ. ಎಚ್‌ಟಿ7333 ಈ ಜಾಗಕ್ಕೆ ಎಷ್ಟೋ ಮೇಲು, ಅದರ ಖರ್ಚು ಸುಮಾರು 4 ಮೈಕ್ರೊಆಂಪ್. ಆದರೆ ಅದು ಕೊಡುವುದು 250 ಮಿಲಿಆಂಪ್ ಮಾತ್ರ. ಹಾಗಾಗಿ ಚಿಪ್ಪಿನ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಇರಲಿ. ಪವರ್ ಬ್ಯಾಂಕ್ ನಂಬಿದರೆ ಇನ್ನೊಂದು ತೊಡಕು: ಬೋರ್ಡ್ ಮಲಗಿದ ಕೂಡಲೇ ಲೋಡ್ ಇಲ್ಲವೆಂದು ಅನೇಕ ಪವರ್ ಬ್ಯಾಂಕ್‌ಗಳು ತಾವೂ ಆಫ್ ಆಗಿಬಿಡುತ್ತವೆ.

ಮನೆಯೊಳಗೆ ಒಂದೇ ಕಡೆ ನಿಂತು ಕೆಲಸ ಮಾಡುವ ಪ್ರಾಜೆಕ್ಟಿಗೆ ಬಿಐಎಸ್ ಗುರುತಿರುವ 5 ವೋಲ್ಟ್, 1 ಆಂಪ್‌ನ ಮೊಬೈಲ್ ಚಾರ್ಜರ್ ಮತ್ತು ಗಿಡ್ಡನೆಯ, ದಪ್ಪ ತಂತಿಯ ಯುಎಸ್‌ಬಿ ಕೇಬಲ್. ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನು ಕಾಣೆ. ಉದ್ದನೆಯ ತೆಳು ಕೇಬಲ್ ಅರ್ಧ ವೋಲ್ಟನ್ನೇ ನುಂಗಬಹುದು.

ಇಷ್ಟೆಲ್ಲ ತಪ್ಪಾದರೂ ಹಾಳಾಗುವುದು ಸಮಯ, ಸಾಮಾನು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಒಂದು ಕೆಪಾಸಿಟರ್ ಇಟ್ಟು 230 ವೋಲ್ಟನ್ನು ಇಳಿಸುವ ಸರ್ಕ್ಯೂಟ್‌ನ ಮಾತು ಬೇರೆ. ಅಲ್ಲಿ ಮೇನ್ಸ್‌ಗೂ ನಿಮ್ಮ ಬೋರ್ಡಿಗೂ ನಡುವೆ ಪ್ರತ್ಯೇಕತೆಯೇ ಇಲ್ಲ. ಗ್ರೌಂಡ್ ಪಿನ್ ಮುಟ್ಟಿದರೂ ಶಾಕ್ ಹೊಡೆದು ಜೀವ ಹೋಗಬಹುದು, ಯುಎಸ್‌ಬಿ ಚುಚ್ಚಿದರೆ ಕಂಪ್ಯೂಟರ್ ಸುಡಬಹುದು. ನೂರಿನ್ನೂರು ರೂಪಾಯಿ ಉಳಿಸಲು ದಯವಿಟ್ಟು ಅದನ್ನು ಕಟ್ಟಬೇಡಿ, ವಿದ್ಯಾರ್ಥಿಗಳಿಗೆ ಕಟ್ಟಲು ಹೇಳಿಕೊಡಲೂ ಬೇಡಿ.