ಅಸಾಮಾನ್ಯ ಸಾಧನಗಳ ಪಟ್ಟಿ: ಒಂದು ವಿಮರ್ಶೆ

ಪೆನ್‌ಡ್ರೈವ್ ಒಂದನ್ನು ಗಣಕಕ್ಕೆ ಸಿಕ್ಕಿಸಿದೊಡನೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್, ಅದನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: ‘ನಿನ್ನ ಕೊನೆಯ ಸೆಕ್ಟರಿನ ಸಂಖ್ಯೆ ಎಷ್ಟು?’ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ, 1000 ಸೆಕ್ಟರುಗಳುಳ್ಳ ಸಾಧನ 999 ಎಂದು ಉತ್ತರಿಸಬೇಕು. ಚಾಲಕ ತಂತ್ರಾಂಶ ಅದಕ್ಕೆ 1 ಕೂಡಿಸಿ ಒಟ್ಟು ಸೆಕ್ಟರುಗಳ ಲೆಕ್ಕ ಹಿಡಿಯುತ್ತದೆ. ಆದರೆ ಕೆಲವು ಸಾಧನಗಳು ತಪ್ಪಾಗಿ 1000 ಎಂದೇ ಉತ್ತರಿಸುತ್ತವೆ. ಆಗ ಲೆಕ್ಕ 1001 ಆಗುತ್ತದೆ. ಇಲ್ಲದ ಆ ಸೆಕ್ಟರನ್ನು ಓದಲು ಹೋದರೆ ಕೆಲವು ಸಾಧನಗಳು ಸ್ತಬ್ಧವಾಗಿಬಿಡುತ್ತವೆ.

ಲಿನಕ್ಸ್ ಕರ್ನಲ್‌ನಲ್ಲಿ ಇಂಥ ಯುಎಸ್‌ಬಿ ಸಂಗ್ರಹ ಸಾಧನಗಳಿಗೆಂದೇ ‘ಅನ್‌ಯೂಶುಯಲ್ ಡೆವ್ಸ್’ (ಅಸಾಮಾನ್ಯ ಸಾಧನಗಳು) ಎಂಬ ಕಡತವಿದೆ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಆವೃತ್ತಿಗಳ ವ್ಯಾಪ್ತಿ, ಅನ್ವಯಿಸಬೇಕಾದ ತಿದ್ದುಪಡಿ ಇವು ಪ್ರತಿ ನಮೂದಿನಲ್ಲೂ ಇರುತ್ತವೆ. ತಿದ್ದುಪಡಿಗಳನ್ನು ಮುಖ್ಯ ಕ್ರಮವಿಧಿಯೊಳಗೆ ಅಲ್ಲಲ್ಲಿ ಹುದುಗಿಸದೆ, ಯಾರು ಬೇಕಾದರೂ ಓದುವಂತೆ ಒಂದೆಡೆ ಪಟ್ಟಿ ಮಾಡಿರುವುದು ನಿಜಕ್ಕೂ ಮೆಚ್ಚತಕ್ಕ ಕ್ರಮ.

ಆದರೆ ಕೊರತೆಗಳೂ ಇವೆ. ನಮೂದು ಸೇರಿಸುವವರು ತಮ್ಮ ವಿಳಾಸ ಕೊಡಬೇಕೆಂದು ಕಡತದ ಆರಂಭದ ಸೂಚನೆ ಹೇಳುತ್ತದೆ. ಕಾರಣದ ವಿವರಣೆ ಮಾತ್ರ ‘ಕೊಟ್ಟರೆ ಒಳ್ಳೆಯದು’ ಎಂಬಷ್ಟಕ್ಕೆ ನಿಲ್ಲುತ್ತದೆ. ಎಷ್ಟೋ ನಮೂದುಗಳಲ್ಲಿ ಆವೃತ್ತಿಯ ವ್ಯಾಪ್ತಿ 0000ದಿಂದ 9999ರವರೆಗೆ ಇದೆ. ತಯಾರಕರು ಮುಂದಿನ ಆವೃತ್ತಿಯಲ್ಲಿ ದೋಷ ಸರಿಪಡಿಸಿದರೆ? ಸರಿಯಾಗಿ 999 ಎಂದ ಸಾಧನಕ್ಕೂ ಒಂದು ಸೆಕ್ಟರ್ ಖೋತಾ! ಇದೇನು ಸಣ್ಣ ನಷ್ಟವಲ್ಲ. ‘ಜಿಪಿಟಿ’ ವಿಧಾನದಲ್ಲಿ ವಿಭಾಗಿಸಿದ ಡಿಸ್ಕ್ ತನ್ನ ವಿಭಾಗಪಟ್ಟಿಯ ಮೀಸಲು ಶಿರೋಲೇಖವನ್ನು ಇಡುವುದು ಕೊನೆಯ ಸೆಕ್ಟರಿನಲ್ಲೇ. ಮೊದಲ ಪ್ರತಿ ಕೆಟ್ಟ ದಿನ ಬೇಕಾಗುವುದು ಅದೇ.

ಇನ್ನೊಂದು ತಿದ್ದುಪಡಿ ಊಹೆಯನ್ನೇ ಆಧರಿಸಿದೆ. ಒಟ್ಟು ಸಂಖ್ಯೆ ಬೆಸವಾಗಿದ್ದರೆ ಸಾಧನ ತಪ್ಪು ಹೇಳಿದೆ ಎಂದು ಭಾವಿಸಿ ಒಂದನ್ನು ಕಳೆಯುತ್ತದೆ. ನಮ್ಮ 1001ಕ್ಕೆ ಇದು ಸರಿಹೊಂದುತ್ತದೆ. ನಿಜವಾಗಿಯೂ 1001 ಸೆಕ್ಟರುಗಳಿರುವ ಸಾಧನದ ಗತಿ ಏನು?

ಪ್ರತಿ ತಿದ್ದುಪಡಿಯೂ ‘ಈ ಸಾಧನದಲ್ಲಿ ಈ ದೋಷವಿದೆ’ ಎಂಬ ಒಂದು ಪ್ರತಿಪಾದನೆ. ಪ್ರಯೋಗಶಾಲೆಯಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಪ್ರತಿಪಾದನೆಗೆ ಸಾಕ್ಷ್ಯ ಬೇಕು, ಅದು ಅನ್ವಯಿಸುವ ಮಿತಿ ತಿಳಿದಿರಬೇಕು. ಪರೀಕ್ಷಿಸಿದ್ದು ಒಂದೇ ಆವೃತ್ತಿಯಾದರೆ ಅದೊಂದನ್ನೇ ಬರೆಯುವುದು ಪ್ರಾಮಾಣಿಕತೆ.

ಅಧ್ಯಾಪಕರೇ, ಚಾಲಕ ತಂತ್ರಾಂಶದ ಪಾಠ ಮಾಡುವಾಗ ಪಠ್ಯಪುಸ್ತಕದ ಅಚ್ಚುಕಟ್ಟಾದ ರೇಖಾಚಿತ್ರದ ಜೊತೆಗೆ ಈ ಕಡತದ ಒಂದು ಪುಟವನ್ನೂ ತೋರಿಸಿ. ಪ್ರತಿ ನಮೂದಿಗೂ ‘ಇದು ಹೇಗೆ ಗೊತ್ತಾಯಿತು? ಎಲ್ಲಿಯವರೆಗೆ ನಿಜ?’ ಎಂದು ವಿದ್ಯಾರ್ಥಿಗಳೇ ಕೇಳಲಿ.