ಊರು ಮೊದಲೋ, ಯೋಜನೆ ಮೊದಲೋ

ಸಮುದಾಯ ಕಲೆಯ ಹೆಸರಿನಲ್ಲಿ ವಿಶ್ವವಿದ್ಯಾಲಯಗಳು, ಪ್ರತಿಷ್ಠಾನಗಳು ಹಳ್ಳಿಗೆ ಹೊರಟಾಗಲೆಲ್ಲ ಮಲೆನಾಡಿನ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಹೆಸರು ಬಂದೇ ಬರುತ್ತದೆ. ಹೊಗಳುವವರು 1980ರ ರಂಗಶಿಕ್ಷಣ ಕೇಂದ್ರದಿಂದಲೋ, ಅದರ ಸ್ಥಾಪಕ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಮ್ಯಾಗ್ಸೇಸೆ ಪ್ರಶಸ್ತಿಯಿಂದಲೋ ಮಾತು ಶುರು ಮಾಡುತ್ತಾರೆ. ಸಂಘ ಹುಟ್ಟಿದ್ದು ಮಾತ್ರ 1949ರಲ್ಲಿ. ಮೂರು ದಶಕ ಅದು ಊರಿನ ಹವ್ಯಾಸಿ ತಂಡವೇ. ಶಿಕ್ಷಣ ಕೇಂದ್ರ ತೆರೆಯುವ ಹೊತ್ತಿಗೆ ನಾಟಕ ನೋಡಿ ಜಗಳವಾಡಬಲ್ಲ ಜನ ಅಲ್ಲಿದ್ದರು. ಹೊರಗಿನವರ ನೆರವು ಅಲ್ಲಿ ಫಲಿಸಿದ್ದಕ್ಕೆ ಈ ಪೂರ್ವಸಿದ್ಧತೆಯೇ ಕಾರಣ ಎಂಬುದು ನನ್ನ ಎಣಿಕೆ. ಅದನ್ನು ಬಿಟ್ಟು ಫಲವನ್ನಷ್ಟೇ ನಕಲು ಮಾಡಲು ಹೋದವರು ಸೋತಿದ್ದಾರೆ.

ನೀನಾಸಮ್‌ನ ಚಿತ್ರಸಮಾಜವನ್ನೇ ನೋಡಿ. 1973ರಲ್ಲಿ ಶುರುವಾದ ಅದು ಸತ್ಯಜಿತ್ ರೇ, ಕುರೊಸಾವಾ, ಡಿ ಸಿಕಾರ ಚಿತ್ರಗಳನ್ನು ಮಲೆನಾಡಿನ ರೈತರ ಮುಂದಿಟ್ಟಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದೂರ್, ರಾಷ್ಟ್ರೀಯ ಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಬೆಂಬಲಕ್ಕೆ ನಿಂತರು. ಒಬ್ಬರು ವಿದ್ವಾಂಸರು, ಇನ್ನೊಬ್ಬರು ಸಂಗ್ರಹದ ಕೀಲಿಕೈ ಹಿಡಿದವರು. ಹಳ್ಳಿಯವರಿಗೆ ಇದೆಲ್ಲ ತಲೆಗೆ ಹತ್ತೀತೇ ಎಂಬ ಪಟ್ಟಣದ ಅನುಮಾನವನ್ನು ಇವರು ಸಂಶೋಧನೆಯ ವಸ್ತು ಮಾಡಿಕೊಂಡು ಕೂರಲಿಲ್ಲ. ರೀಲು ತರಿಸಿ ತೋರಿಸಿದರು. ಇಂದಿನ ಎಷ್ಟೋ ಸಹಯೋಗಗಳಲ್ಲಿ ಕ್ರಮ ತಿರುಗಾಮುರುಗಾ: ವರದಿಯ ನಮೂನೆ ಮೊದಲು ಬರುತ್ತದೆ, ಜನ ಆಮೇಲೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕಾರ್ಯಾಗಾರ ಗೊತ್ತುಮಾಡಿ, ಯಾರೂ ಬರಲಿಲ್ಲವೆಂದು ಪೇಚಾಡುವುದು ಈ ಪೈಕಿಯದು.

1980ರ ದಶಕದ ಮೊದಲ ಭಾಗದ ನೀನಾಸಮ್ ಯೋಜನೆ ‘ಜನಸ್ಪಂದನ’ಕ್ಕೆ ಫೋರ್ಡ್ ಪ್ರತಿಷ್ಠಾನದ ಹಣವಿತ್ತು. ನಾಟಕ, ಸಿನಿಮಾ ಶಿಬಿರಗಳು ನಾಡಿನ ಹಲವೆಡೆ ನಡೆದವು. ಹಣ ನಿಂತ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗೆ ನನಗೆ ಕಾಣುವ ಉತ್ತರ 1985ರಲ್ಲಿ ಶುರುವಾದ ನೀನಾಸಮ್‌ನ ಸಂಚಾರಿ ನಾಟಕ ತಂಡ ‘ತಿರುಗಾಟ’. ತಂಡ ಊರೂರಿಗೆ ಹೋಗುತ್ತದೆ. ಆದರೆ ಪ್ರದರ್ಶನ ಗೊತ್ತುಮಾಡುವುದು, ಟಿಕೆಟ್ ಮಾರುವುದು, ಕಲಾವಿದರ ಊಟ-ವಸತಿ ನೋಡಿಕೊಳ್ಳುವುದು ಸ್ಥಳೀಯರ ಪಾಲು. ಈ ಹೊರೆ ಹೊರುವ ಊರಿನವರನ್ನು ಫಲಾನುಭವಿಗಳೆಂದು ಕರೆಯುವ ಧೈರ್ಯ ಯಾರಿಗಿದೆ?

ಇಷ್ಟಾದರೂ ಒಂದು ತಕರಾರು ನನಗಿದೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಬೀದಿನಾಟಕದ ಮೂಲಕ ಕೂಲಿ, ಜಾತಿ, ಜಮೀನುದಾರಿಕೆಯ ಮಾತನ್ನು ನೇರ ಆಡಿತು. ಅದರ ಎಷ್ಟೋ ನಾಟಕಗಳು ಕಲೆಯಾಗಿ ಒರಟು, ಘೋಷಣೆಗೆ ಹತ್ತಿರ. ಹೆಗ್ಗೋಡಿನ ರಂಗಭೂಮಿ ಅದಕ್ಕಿಂತ ನಯ, ಸಂಕೀರ್ಣ. ಆದರೆ ತೋಟದ ಒಡೆಯರ ಊರಿನಲ್ಲಿ ತೋಟದ ಆಳುಗಳ ದನಿ ಆ ರಂಗದ ಮೇಲೆ ಎಷ್ಟು ಕೇಳಿಸಿತು? ನೀನಾಸಮ್ ಅಕ್ಟೋಬರಿನಲ್ಲಿ ನಡೆಸುತ್ತ ಬಂದ ಸಂಸ್ಕೃತಿ ಶಿಬಿರದ ಚರ್ಚೆಗಳೂ ಬಹುಮಟ್ಟಿಗೆ ಹೊರಗಿನಿಂದ ಬಂದ ಅಧ್ಯಾಪಕರು, ವಿದ್ಯಾರ್ಥಿಗಳು, ಬರಹಗಾರರ ನಡುವಿನವು.

ತಕರಾರಿಗೆ ಎದುರಾಗಿ ನಿಲ್ಲುವ ಪ್ರಯೋಗವೂ ಇದೆ. ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅವರು ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಜನರಿಂದಲೇ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ನಾಟಕ ಆಡಿಸಿದರು. ಆಫ್ರಿಕಾ ಮೂಲದ ಸಮುದಾಯವೊಂದು ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದ್ದು. ವಸ್ತು ಆರಿಸಿದವರು ಹೊರಗಿನವರೇ ಎನ್ನಬಹುದು, ನಿಜ. ಆದರೆ ಮುಂದೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅವರಂಥವರು ಹೆಗ್ಗೋಡಿನಲ್ಲಿ ತರಬೇತಿ ಪಡೆದು ನಟನೆಯನ್ನೇ ವೃತ್ತಿ ಮಾಡಿಕೊಂಡರು. ಇನ್ನು ಬೇಕಿರುವುದು ಕೃತಿ ಆರಿಸುವ, ನಿರ್ದೇಶಿಸುವ, ಖರ್ಚಿನ ಲೆಕ್ಕ ಬರೆಯುವ ಅಧಿಕಾರ ಮಂಚಿಕೇರಿಯಂಥ ಊರುಗಳಲ್ಲೇ ಇರುವುದು. ಅದು ಇನ್ನೂ ವಿರಳ.